ಪ್ರಾದೇಶಿಕ ಶೈಕ್ಷಣಿಕ ಅಸಮಾನತೆ: ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಮತ್ತು 371(ಜೆ) ಮೀಸಲಾತಿ

ಹಿನ್ನೆಲೆ
ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿ ಪರಿಹಾರ ಸೂಚಿಸುವ ಸಲುವಾಗಿ ಕರ್ನಾಟಕ ಸರ್ಕಾರವು 2000ನೇ ಇಸವಿಯಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. ಸಮಿತಿಯು 2002ರಲ್ಲಿ ವರದಿಯನ್ನು ಸಲ್ಲಿಸಿತು.

ಅಧ್ಯಯನದ ವಿಧಾನ
ಜಿಲ್ಲಾ ಸರಾಸರಿಯಲ್ಲಿ ಹಿಂದುಳಿದ ತಾಲ್ಲೂಕುಗಳ ಸ್ಥಿತಿಯು ಮರೆಯಾಗುತ್ತದೆ. ಆದುದರಿಂದ ಸಮಿತಿಯು ತಾಲ್ಲೂಕನ್ನೇ ಘಟಕವನ್ನಾಗಿ ಪರಿಗಣಿಸಿ, 35 ಸೂಚಕಗಳ ಆಧಾರದ ಮೇಲೆ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕವನ್ನು ಸಿದ್ಧಪಡಿಸಿತು. ಶಿಕ್ಷಣಕ್ಕೆ ಸಂಬಂಧಿಸಿದ ಸೂಚಕಗಳಲ್ಲಿ ಕೆಳಕಂಡವು ಸೇರಿವೆ:
1. ಸಾಕ್ಷರತೆಯ ಪ್ರಮಾಣ
2. ವಿದ್ಯಾರ್ಥಿ–ಶಿಕ್ಷಕರ ಅನುಪಾತ
3. ಶಾಲೆಯಿಂದ ಹೊರಗುಳಿದ 6ರಿಂದ 14 ವರ್ಷದ ಮಕ್ಕಳ ಶೇಕಡಾವಾರು ಪ್ರಮಾಣ
4. ಸರ್ಕಾರಿ ಮತ್ತು ಅನುದಾನಿತ ಪದವಿ ಕಾಲೇಜುಗಳಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ದಾಖಲಾದ ವಿದ್ಯಾರ್ಥಿಗಳ ಸಂಖ್ಯೆ

ಪ್ರಮುಖ ಅಂಶಗಳು
ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡಾಗ, ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು ಹಾಗೂ 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಇಂದಿನ ಕಲಬುರಗಿ ವಿಭಾಗಕ್ಕೆ ಸೇರಿದ್ದವು. ಶಾಲಾ ಹಂತದಲ್ಲಿಯೇ ಉಂಟಾಗುವ ಕೊರತೆಯು ಪದವಿ ಪ್ರವೇಶದಲ್ಲಿ ಮುಂದುವರಿದು, ಅಂಕಗಳ ಆಧಾರದ ನೇಮಕಾತಿಯಲ್ಲಿ ಯುವಜನರನ್ನು ಮೊದಲ ಉದ್ಯೋಗದ ಘಟ್ಟದಲ್ಲಿಯೇ ಹಿಂದಕ್ಕೆ ತಳ್ಳುತ್ತದೆ.

ಸಂವಿಧಾನಾತ್ಮಕ ಕ್ರಮ
ಸಂವಿಧಾನದ (98ನೇ ತಿದ್ದುಪಡಿ) ಅಧಿನಿಯಮ, 2012ರ ಮೂಲಕ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ 371(ಜೆ) ಅನುಚ್ಛೇದವನ್ನು ಸೇರಿಸಲಾಯಿತು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗಳು ಇದರ ವ್ಯಾಪ್ತಿಗೆ ಬರುತ್ತವೆ. 2013ರ ಆದೇಶಗಳನ್ವಯ ಸ್ಥಳೀಯ ವ್ಯಕ್ತಿಗಳಿಗೆ ದೊರೆಯುವ ಮೀಸಲಾತಿ:
• ಪ್ರದೇಶದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ. 70
• ಪ್ರದೇಶದ ಗ್ರೂಪ್ ‘ಎ’ ಮತ್ತು ‘ಬಿ’ ಹುದ್ದೆಗಳಲ್ಲಿ ಶೇ. 75, ‘ಸಿ’ ಹುದ್ದೆಗಳಲ್ಲಿ ಶೇ. 80, ‘ಡಿ’ ಹುದ್ದೆಗಳಲ್ಲಿ ಶೇ. 85
• ರಾಜ್ಯಮಟ್ಟದ ಸಂಸ್ಥೆ ಹಾಗೂ ಕಚೇರಿಗಳಲ್ಲಿ ಶೇ. 8

ಅರ್ಜಿದಾರರ ಗಮನಕ್ಕೆ
ಜನನ ಅಥವಾ ವಾಸದ ಆಧಾರದ ಮೇಲೆ ಈ ಪ್ರದೇಶಕ್ಕೆ ಸೇರಿದವರು ಅರ್ಹತಾ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮೂಲಕ ಅರ್ಜಿ ಸಲ್ಲಿಸಬಹುದು. ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರು ಪ್ರಮಾಣಪತ್ರವನ್ನು ನೀಡುತ್ತಾರೆ. ಜಾತಿ ಅಥವಾ ಆದಾಯ ಪ್ರಮಾಣಪತ್ರವು ಇದಕ್ಕೆ ಪರ್ಯಾಯವಲ್ಲ. ಅರ್ಹತೆ ಇದ್ದರೂ ಪ್ರಮಾಣಪತ್ರವಿಲ್ಲದ ಕಾರಣ ಸೌಲಭ್ಯವು ಕೈತಪ್ಪದಂತೆ, ಪ್ರವೇಶ ಅಥವಾ ನೇಮಕಾತಿಯ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಮುನ್ನವೇ ಇದನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.