ತಾರೀಖು ಇಲ್ಲದ ಮುಖವಾಡ

ಇವತ್ತು ಒಂದು ಜಗಳದ ಕಥೆ. ಬೇರೆಯವರ ಕಲೆ ಬಗ್ಗೆ ಹೇಗೆ ಬರೀಬೇಕು ಅನ್ನೋ ಜಗಳ.

1984, ನ್ಯೂಯಾರ್ಕ್. ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಪಿಕಾಸೊ ಮುಂತಾದವರ ಕೃತಿಗಳ ಪಕ್ಕದಲ್ಲೇ ಆಫ್ರಿಕಾದ, ಪೆಸಿಫಿಕ್ ದ್ವೀಪಗಳ ಮುಖವಾಡಗಳನ್ನಿಟ್ಟು, ನೋಡಿ ಎಷ್ಟು ಹೋಲಿಕೆ ಅಂತ ತೋರಿಸಿತು. ವಿಮರ್ಶಕ ಥಾಮಸ್ ಮೆಕ್‌ಇವಿಲಿ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ತರಾಟೆಗೆ ತಗೊಂಡ್ರು. ಮುಖವಾಡ ಯಾವ ಕಾಲದ್ದು, ಮಾಡಿದವರಿಗೆ ಅದು ಯಾತಕ್ಕೆ ಬೇಕಿತ್ತು ಅನ್ನೋದೇ ಇಲ್ಲವಲ್ಲ ಅನ್ನೋದು ಅವರ ತಕರಾರು. ನಾನು ಬಿ.ಕಾಂ. ಓದಿದವನು. ತಾರೀಖು, ವಿವರ ಇಲ್ಲದ ಎಂಟ್ರಿಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಇಲ್ಲ ಅಂತ ಕಲಿತವನು. ಪಿಕಾಸೊಗೆ ಇಸವಿ ಇದೆ, ಮುಖವಾಡಕ್ಕಿಲ್ಲ ಅಂದ್ರೆ ಒಬ್ಬರಿಗೆ ಇತಿಹಾಸ ಇದೆ, ಇನ್ನೊಬ್ಬರಿಗಿಲ್ಲ ಅಂತ ತಾನೇ?

1989ರಲ್ಲಿ ಪ್ಯಾರಿಸ್‌ನ ಜಾನ್-ಉಬೆರ್ ಮಾರ್ಟಾಂ ಬೇರೆ ದಾರಿ ಹಿಡಿದರು. ನೂರರಷ್ಟು ಕಲಾವಿದರನ್ನು ಕರೆದರು, ಎಲ್ಲರೂ ಆಗ ಕೆಲಸ ಮಾಡ್ತಿದ್ದವರೇ. ಸುಮಾರು ಅರ್ಧದಷ್ಟು ಜನ ಪಶ್ಚಿಮದ ಆಚೆಯವರು. ಮಧ್ಯಪ್ರದೇಶದ ಗೊಂಡ ಕಲಾವಿದ ಜನ್‌ಗಢ್ ಸಿಂಗ್ ಶ್ಯಾಮ್ ಕೂಡ ಇದ್ದರು, ಹೆಸರಿನ ಸಮೇತ. ನನಗೆ ಇದು ಸಣ್ಣ ವಿಷಯ ಅನ್ನಿಸಲ್ಲ.

ಆದ್ರೂ ಪ್ರದರ್ಶನಕ್ಕೆ ಇಟ್ಟ ಹೆಸರು ನೋಡಿ: ‘ಭೂಮಿಯ ಮಾಂತ್ರಿಕರು’. ‘ಕಲಾವಿದರು’ ಅನ್ನೋ ಪದವನ್ನೇ ಬಿಟ್ಟಿದ್ರು! ಒಂದು ಹಾಲ್‌ನಲ್ಲಿ ನೆಲದ ಮೇಲೆ ಆಸ್ಟ್ರೇಲಿಯಾದ ಯುಎಂಡುಮು ಮೂಲನಿವಾಸಿಗಳ ಚಿತ್ರ. ಅದರ ಹಿಂದಿನ ಗೋಡೆಯಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಮಣ್ಣಿನಿಂದ ಬರೆದ ಭಾರೀ ವೃತ್ತ. ಇದರ ಮೇಲೂ ಬೇಕಾದಷ್ಟು ಟೀಕೆ ಬಂತು. ಆ ಫೋಟೋ ಹುಡುಕಿ ನೋಡಿ. ನನ್ನ ಕಣ್ಣಂತೂ ಮೊದಲು ಹೋಗಿದ್ದು ಗೋಡೆಗೇ.