ಅಠಾರಾ ಕಚೇರಿಯ ಎದುರು ವಿಧಾನಸೌಧ: ಕಟ್ಟಡಗಳ ನೆರೆಹೊರೆ

ಕಟ್ಟಡವೊಂದು ಕುರೂಪವೆನಿಸಿದಾಗ ನಾವು ಸಾಮಾನ್ಯವಾಗಿ ಅದರ ಶೈಲಿಯನ್ನು ದೂರುತ್ತೇವೆ. ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ಐದು ನಿಮಿಷ ನಿಂತು ನೋಡಿದರೆ ಈ ದೂರು ಪೂರ್ತಿ ಸರಿಯಲ್ಲವೆಂದು ಮನವರಿಕೆಯಾಗುತ್ತದೆ.

ವೀಧಿಯ ಒಂದು ಬದಿಗೆ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿ. ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಗ್ರೀಕ್-ರೋಮನ್ ಮಾದರಿಯಲ್ಲಿ ಕಟ್ಟಿದ ಈ ಎರಡಂತಸ್ತಿನ ಕೆಂಪು ಕಟ್ಟಡದಲ್ಲಿ ಈಗ ಹೈಕೋರ್ಟ್ ಇದೆ. ಎದುರಿಗೆ ವಿಧಾನಸೌಧ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. ಆನಂತರ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಮೂಲ ನಕ್ಷೆಯನ್ನು ಬದಲಿಸಿ ದ್ರಾವಿಡ ಶೈಲಿಗೆ ತಿರುಗಿಸಿದರು. 1956ರಲ್ಲಿ ಕೆಲಸ ಮುಗಿಯಿತು. ‘ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡಗಳೇ, ನಿಮ್ಮದೆಂಬ ವಾಸ್ತುಶಿಲ್ಪವಿಲ್ಲವೇ’ ಎಂದು ರಷ್ಯಾದ ನಿಯೋಗವೊಂದು ಕೇಳಿದ್ದು ಅವರನ್ನು ಕೆಣಕಿತೆಂಬ ಕಥೆ ಪ್ರಸಿದ್ಧವಾಗಿದೆ.

ಅಂದರೆ ಎದುರಿನ ಕಟ್ಟಡಕ್ಕೆ ಉತ್ತರವಾಗಿಯೇ ಎದ್ದ ಸೌಧವಿದು. ಆದರೂ ಎರಡರ ನಡುವೆ ಜಗಳ ಕಾಣದು. ಎರಡೂ ಮೇಲಕ್ಕೇರುವುದಕ್ಕಿಂತ ಉದ್ದಕ್ಕೆ ಚಾಚಿವೆ. ಅಲ್ಲಿ ಕಂಬಗಳ ಮುಖಮಂಟಪವಿದ್ದರೆ ಇಲ್ಲಿ 40 ಅಡಿ ಎತ್ತರದ 12 ಗ್ರಾನೈಟ್ ಕಂಬಗಳಿವೆ. 700 ಅಡಿ ಉದ್ದದ ವಿಧಾನಸೌಧ ಗಾತ್ರದಲ್ಲಿ ಬಹಳ ಹಿರಿದು. ಆದರೆ ರಸ್ತೆಯಿಂದ ಹಿಂದೆ ಸರಿದು, ಅಗಲವಾದ ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡು ನಿಂತಿದೆ. ಆ ಕಡೆ ಕಬ್ಬನ್ ಉದ್ಯಾನದ ಮರಗಳು.

1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾವ ಬಂದಿತ್ತು. ನಾಗರಿಕರು ವಿರೋಧಿಸಿದರು, ವಿಷಯ ನ್ಯಾಯಾಲಯಕ್ಕೂ ಹೋಯಿತು, ಕಟ್ಟಡ ಉಳಿಯಿತು. ಉಳಿಯದಿದ್ದರೆ ವಿಧಾನಸೌಧದ ಅಂದವೂ ಅರ್ಧದಷ್ಟು ಕುಗ್ಗುತ್ತಿತ್ತು.

ವಿಧಾನಸೌಧದ ಪಕ್ಕದಲ್ಲಿ 2005ರಲ್ಲಿ ಉದ್ಘಾಟನೆಯಾದ ವಿಕಾಸಸೌಧ ಅದರ ರೂಪವನ್ನೇ ಅನುಸರಿಸಿದೆ. ಅನುಕರಣೆ ಅಪಾಯವಿಲ್ಲದ ದಾರಿ. ಅದು ಕಣ್ಣಿಗೆ ಚುಚ್ಚುವುದಿಲ್ಲ, ನಿಜ, ನೆನಪಿನಲ್ಲಿಯೂ ನಿಲ್ಲುವುದಿಲ್ಲ. ಮಹಾತ್ಮ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿ ಎದ್ದ ಪಬ್ಲಿಕ್ ಯುಟಿಲಿಟಿ ಕಟ್ಟಡದ್ದು ಇನ್ನೊಂದು ತುದಿ: ತಗ್ಗು ಕಟ್ಟಡಗಳ ಬೀದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂತಸ್ತುಗಳ ಗೋಪುರ. ನೆರೆಯವರತ್ತ ಅದು ನೋಡಿದಂತೆಯೇ ಇಲ್ಲ.

ಬಿ.ವಿ. ದೋಶಿ ರೂಪಿಸಿದ ಬನ್ನೇರುಘಟ್ಟ ರಸ್ತೆಯ ಐಐಎಂ ಹಳೆಯ ಬೆಂಗಳೂರಿನ ಯಾವ ಕಟ್ಟಡವನ್ನೂ ಹೋಲುವುದಿಲ್ಲ. ಒರಟು ಗ್ರಾನೈಟ್ ಗೋಡೆ, ಬಿಸಿಲು ಸೋಸಿ ಬರುವ ಮೊಗಸಾಲೆ, ಕಂಬಕ್ಕೆ ಹಬ್ಬಿದ ಬಳ್ಳಿ. ಊರಿನ ಕಲ್ಲು ಮತ್ತು ಹವೆಯೊಡನೆ ಅದಕ್ಕೆ ನೆಂಟಸ್ತಿಕೆಯಿದೆ. ಹೊರವರ್ತುಲ ರಸ್ತೆಯ ಗಾಜಿನ ಕಚೇರಿಗಳಲ್ಲಾದರೋ ಪಡುವಣ ಬಿಸಿಲಿಗೆ ಹಗಲಲ್ಲೇ ಪರದೆ ಎಳೆದು, ದೀಪ ಹಚ್ಚಿ ಕೆಲಸ ಮಾಡಬೇಕಾಗುತ್ತದೆ.