ಮೊಲದ ತೊಗಲಿಗೆ ಯಾವ ಚೂರಿ?

ಶಿಗ್ಗಾವಿ ತಾಲೂಕಿನ ಹುಲಗೂರು ಅಂದರೆ ಬಹಳ ಜನಕ್ಕೆ ನೆನಪಾಗುವುದು ಖಾದರಲಿಂಗನ ದರ್ಗಾ, ಅದರ ಬೆನ್ನಿಗೇ 1819ರಲ್ಲಿ ಶಿಶುವಿನಾಳದಲ್ಲಿ ಹುಟ್ಟಿದ ಶರೀಫಜ್ಜ. ಚೂರಿಯ ಚರಿತ್ರೆ ಹುಡುಕಿಕೊಂಡು ಯಾರೂ ಇತ್ತ ಬರುವುದಿಲ್ಲ. ಆದರೆ ಹೊಲದ ಬದು, ಕುರುಚಲು ಗುಡ್ಡ, ಕೆರೆಯಂಗಳಗಳ ಈ ಸೀಮೆಯಲ್ಲಿ ಮೊಲ, ಗೌಜಲಹಕ್ಕಿ, ಬುರ್ಲಿ, ಉಡಗಳ ಬೇಟೆ ಒಂದು ಕಾಲಕ್ಕೆ ಬದುಕಿನ ಭಾಗವೇ ಆಗಿತ್ತು. ಬೇಟೆಯ ಕಥೆ ಹೇಳುವವರು ಬಲೆ, ಉರುಲು, ನಾಯಿ, ಬಂದೂಕು ಎಲ್ಲವನ್ನೂ ವರ್ಣಿಸುತ್ತಾರೆ. ಆಮೇಲೆ ಕೂತು ತೊಗಲು ಬಿಡಿಸಿದ ಗೇಣುದ್ದದ ಚೂರಿಯ ಮಾತು ಬರುವುದೇ ಇಲ್ಲ.

ಅದರ ಜಾಡು ಮಾತ್ರ ಬಹಳ ಹಿಂದಕ್ಕೆ ಹೋಗುತ್ತದೆ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲುಕೊಡಲಿ, ತೆಳ್ಳನೆಯ ಕಲ್ಲಿನ ಅಲಗು ಸಿಕ್ಕವು. ಮೇಲಿನ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು. ಅಲ್ಲಿನ ಕಬ್ಬಿಣದ ಕಾಲ ಸುಮಾರು ಕ್ರಿ.ಪೂ. 1000 ಎಂದು ಗೊತ್ತಾದಾಗ ದಕ್ಷಿಣ ಭಾರತದಲ್ಲಿ ಕಬ್ಬಿಣದ ಚರಿತ್ರೆಯೇ ಹಿಂದಕ್ಕೆ ಸರಿಯಿತು. ಹಾಗಂತ ಕಲ್ಲಿನ ಅಲಗನ್ನು ಕೀಳಾಗಿ ಕಾಣಬೇಕಿಲ್ಲ. ಹೊಸದಾಗಿ ಸೀಳಿದ ಕಲ್ಲಿನ ಚಕ್ಕೆಯ ಅಂಚು ಸಣ್ಣ ಪ್ರಾಣಿಯ ತೊಗಲನ್ನು ಸಲೀಸಾಗಿ ಕೊಯ್ಯುತ್ತದೆ. ತೊಡಕು ಇಷ್ಟೇ: ಅದು ಬೇಗ ಮುಕ್ಕಾಗುತ್ತದೆ, ಮತ್ತೆ ಮಸೆದುಕೊಳ್ಳಲು ಬರುವುದಿಲ್ಲ.

ಚೂರಿಯೇ ಬೇಡ ಎಂಬ ದಾರಿಯೂ ಇತ್ತು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಹಾನಗಲ್ಲು ಮತ್ತು ಪುಲಿಗೆರೆ ಸೀಮೆಗಳಿಗೂ ಒಡೆಯ, ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನೂ ಅಡುಗೆಯನ್ನೂ ವಿವರವಾಗಿ ಬರೆದ. ಹಂದಿಯ ಮೇಲೆ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ಕೀಳುವುದು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಡುವುದು; ಹೊಳೆದಂಡೆಯ ಕರಿ ಇಲಿಯನ್ನು ಬಾಲ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ಕೂದಲು ತೆಗೆಯುವುದು. ಅರಮನೆಯ ಅಡುಗೆಮನೆಯಲ್ಲೂ ಸಣ್ಣ ಬೇಟೆಯ ತೊಗಲನ್ನು ಸುಲಿಯಲೇಬೇಕು ಎಂದಿರಲಿಲ್ಲ. ಬೆಂಕಿಯೋ ಬಿಸಿನೀರೋ ಅರ್ಧ ಕೆಲಸ ಮುಗಿಸುತ್ತಿತ್ತು. ಚೂರಿಯ ಸರದಿ ಹೊಟ್ಟೆ ಸೀಳುವಾಗ.

ಮೊಲಕ್ಕೂ ಚೂರಿಯ ಕೆಲಸ ಕಡಿಮೆಯೇ, ಕಾರಣ ಮಾತ್ರ ಬೇರೆ. ಅದರ ತೊಗಲು ಕಾಗದದಷ್ಟು ತೆಳು, ಮೈಗೆ ಅಂಟಿಕೊಂಡಿರುವುದೂ ಅಷ್ಟಕ್ಕಷ್ಟೇ. ಹಿಂಗಾಲಿನ ಗೆಣ್ಣಿನ ಸುತ್ತ ಒಂದು ಗೀಟು, ತೊಡೆಯ ಒಳಗಿಂದ ಇನ್ನೊಂದು. ಅಷ್ಟಾದ ಮೇಲೆ ಮೈ ಬೆಚ್ಚಗಿರುವಾಗಲೇ ತಲೆಯ ಕಡೆಗೆ ಜಗ್ಗಿದರೆ ಇಡೀ ತೊಗಲು ಅಂಗಿ ಕಳಚಿದಂತೆ ಬರುತ್ತದೆ. ಇಲ್ಲಿ ಉದ್ದನೆಯ ಅಲಗು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡೀತು. ಮೊನೆ ಒಂದಿಷ್ಟು ಆಳಕ್ಕಿಳಿದರೆ ಕರುಳು ಒಡೆದು ಮಾಂಸ ಕೆಡುತ್ತದೆ. ಮೂರ್ನಾಲ್ಕು ಇಂಚಿನ ತೆಳು ಅಲಗು, ಹೆಬ್ಬೆರಳನ್ನು ಬೆನ್ನಿಗೆ ಒತ್ತಿ ಹಿಡಿಯಲು ಬರುವಂಥದ್ದು ಸಾಕು. ಅಂಥ ಚೂರಿ ಪ್ರತಿ ಮನೆಯಲ್ಲೂ ಇದ್ದೇ ಇತ್ತು. ಹಗ್ಗ ಕೊಯ್ಯುವುದಕ್ಕೂ ಅದೇ, ಉಳ್ಳಾಗಡ್ಡಿ ಹೆಚ್ಚುವುದಕ್ಕೂ ಅದೇ. ಬೇಟೆಗೆಂದೇ ಪ್ರತ್ಯೇಕ ಚೂರಿ ಇಡುವುದು ಶಿಕಾರಿಯನ್ನು ಮೋಜಾಗಿಸಿಕೊಂಡ ಸಾಹೇಬರಿಗೆ ಒಪ್ಪುವ ಮಾತು.

ತೊಗಲೇ ಬೇಕಾದಾಗ ಲೆಕ್ಕ ತಿರುಗುತ್ತದೆ. ಉಡದ ಚರ್ಮವನ್ನು ಕಂಜೀರಕ್ಕೆ ಬಿಗಿಯುತ್ತಿದ್ದರು. ಒಂದು ತೂತು ಬಿದ್ದರೂ ಆ ಚರ್ಮ ವಾದ್ಯಕ್ಕೆ ದಂಡ. ಅಲ್ಲಿ ಚೂರಿಯ ಹರಿತಕ್ಕಿಂತ ಕೈಯ ತಾಳ್ಮೆಗೇ ಬೆಲೆ.

ಚೂರಿ ಹುಟ್ಟುತ್ತಿದ್ದುದು ಕಮ್ಮಾರನ ಕುಲುಮೆಯಲ್ಲಿ. ಸವೆದ ಅರ, ಮುರಿದ ಕುಡಗೋಲು, ಲಾರಿಗಳು ಬಂದ ಮೇಲೆ ಅವುಗಳ ಕಮಾನುಪಟ್ಟಿ ಯಾವುದಾದರೂ ಆದೀತು. ಕೆಂಪಗೆ ಕಾಯಿಸಿ ಬಡಿದು, ನೀರು ಕುಡಿಸಿದ ಅಲಗು ಗಾಜಿನಂತೆ ಬಿರುಸಾಗಿರುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಿದಾಗ ಉಕ್ಕಿನ ಮೈಮೇಲೆ ಒಣಹುಲ್ಲಿನ ಹಳದಿ ಬಣ್ಣ ಓಡುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಬಾಯಿ ಗಟ್ಟಿ. ನೀಲಿಗೆ ತಿರುಗಿದರೆ ಅಲಗು ಬಾಗೀತು, ಹರಿತ ನಿಲ್ಲದು.

ಇಂಥ ಚೂರಿಯನ್ನು ಯಾರೂ ನೆನೆಯಲಿಲ್ಲ. ರಾಜಕೀಯಕ್ಕೆ ಬೇಕಾದದ್ದು ದೊಡ್ಡ ಆಯುಧಗಳೇ. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಲೆಬಾಗಲಿಲ್ಲ. ಆ ನವೆಂಬರಿನಲ್ಲಿ ದಂಡು ಊರನ್ನೇ ಸುಟ್ಟಿತು, ಮುಂದೆ ಹಲವರು ಗಲ್ಲಿಗೇರಿದರು. ಅವರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಮುದ್ರಿಸಿದ. ಇತ್ತ ಮಂಡ್ಯದ ಆತಕೂರಿನಲ್ಲಿ, 10ನೇ ಶತಮಾನದಲ್ಲಿ, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟರು. ಮನೆಯ ಚೂರಿಗೆ ಲಾವಣಿಯೂ ಇಲ್ಲ, ಕಲ್ಲೂ ಇಲ್ಲ. ಖಂಡೇಪೂಜೆಯ ದಿನ ಕುಡಗೋಲು, ಕೊಡಲಿಗಳ ಪಕ್ಕ ಒಂದು ಬೊಟ್ಟು ಕುಂಕುಮ, ಅಷ್ಟೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ ಹೊಡೆದರೂ ಕೇಸು ಬೀಳುತ್ತದೆ. 1974ರಲ್ಲಿ ರಾಣೆಬೆನ್ನೂರಿನ ಕುರುಚಲು ಕಾಡು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಬೇಟೆ ನಿಂತರೂ ಸುಲಿಯುವ ಕಸುಬು ಮಟನ್ ಅಂಗಡಿಗಳಲ್ಲಿ ಉಳಿದಿದೆ. ಕೊಯ್ಯುವ ಚೂರಿ ಚೆನ್ನಾಗಿ ಹರಿತವಾಗಿರಬೇಕು, ಪ್ರಾಣಿಯ ಕಣ್ಣೆದುರು ಮಸೆಯಬಾರದು ಎಂಬುದು ಹಲಾಲ್ ಮಾಡುವವರು ಪಾಲಿಸಬೇಕಾದ ಕಟ್ಟಳೆ. ತೂಗುಹಾಕಿದ ಕುರಿಗೆ ಮೊದಲ ಗೀಟು ಎಳೆದ ಮೇಲೆ ಪಳಗಿದ ಕಟುಕ ಚೂರಿಯನ್ನು ಪಕ್ಕಕ್ಕಿಡುತ್ತಾನೆ. ಮುಷ್ಟಿ ಬಿಗಿದು ತೊಗಲಿಗೂ ಮಾಂಸಕ್ಕೂ ನಡುವೆ ತೂರಿಸಿ, ಒತ್ತಿ ಒತ್ತಿ ಬಿಡಿಸುತ್ತಾನೆ. ತೂತಿಲ್ಲದ ತೊಗಲಿಗೆ ಚರ್ಮದ ವ್ಯಾಪಾರಿಗಳು ಹೆಚ್ಚು ಕೊಡುತ್ತಾರೆ.